ಸೋಂಕಿನಿಂದ ಸತ್ತವರನ್ನು ಸುಡಲೇಬೇಕೇ? ಎಬೋಲಾ ಕಾಲದಲ್ಲಿ ಇಮಾಮರು, ಪಾದ್ರಿಗಳು ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ರೂಪಿಸಿದ ನಿಯಮಗಳು

ಹೊಸದೊಂದು ಸಾಂಕ್ರಾಮಿಕ ರೋಗದ ಸುದ್ದಿ ಬಂದರೆ ಸಾಕು, ವಾಟ್ಸಾಪ್‌ನಲ್ಲಿ ಎರಡು ಬಗೆಯ ಮೆಸೇಜುಗಳು ಓಡಾಡಲು ಶುರುವಾಗುತ್ತವೆ. ಒಂದು ಹೇಳುತ್ತದೆ: ಸೋಂಕಿನಿಂದ ಸತ್ತವರನ್ನು ಸುಡಲೇಬೇಕು, ಹೂತರೆ ಮಣ್ಣು, ನೀರಿನ ಮೂಲಕ ಊರಿಗೆಲ್ಲ ರೋಗ ಹರಡುತ್ತದೆ. ಇನ್ನೊಂದು ಹೇಳುತ್ತದೆ: ಹೊರದೇಶದ ಆರೋಗ್ಯ ಸಂಸ್ಥೆಗಳು ನಮ್ಮ ಧರ್ಮದ ಸಂಸ್ಕಾರಗಳನ್ನೇ ನಿಲ್ಲಿಸಲು ಹೊರಟಿವೆ. ಕೋವಿಡ್ ಕಾಲದಲ್ಲಿ ಇವೆರಡನ್ನೂ ನೀವು ನೋಡಿರುತ್ತೀರಿ.

ಎರಡೂ ತಪ್ಪು. ಸೋಂಕಿನಿಂದ ಸತ್ತವರನ್ನು ಸುಡಲೇಬೇಕು ಎಂಬುದು ತಪ್ಪು ನಂಬಿಕೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2020ರ ಮಾರ್ಚ್‌ನಲ್ಲಿ ಹೊರಡಿಸಿದ ಕೋವಿಡ್ ಮಾರ್ಗಸೂಚಿಯಲ್ಲಿ ಬರೆದಿದೆ. ಸುಡುವುದೋ ಹೂಳುವುದೋ ಎಂಬುದು ಆಯಾ ಜನರ ಸಂಪ್ರದಾಯಕ್ಕೆ, ಅಲ್ಲಿರುವ ಅನುಕೂಲಕ್ಕೆ ಬಿಟ್ಟ ವಿಚಾರ ಎಂಬುದು ಅದರ ನಿಲುವು. ಈ ನಿಲುವಿನ ಹಿಂದೆ ದೊಡ್ಡ ಪಾಠವೊಂದಿದೆ. ಅದನ್ನು ಕಲಿತದ್ದು 2014ರಲ್ಲಿ, ಪಶ್ಚಿಮ ಆಫ್ರಿಕಾದಲ್ಲಿ, ಸಾವಿರಾರು ಜೀವಗಳು ಹೋದ ಮೇಲೆ. ಈ ಲೇಖನ ಮುಖ್ಯವಾಗಿ ಅದರ ಬಗ್ಗೆ.

ಯಾವ ಶವ ಅಪಾಯಕಾರಿ?

ಮೊದಲು ವಿಜ್ಞಾನ ನೋಡೋಣ. ಬಹುತೇಕ ರೋಗಾಣುಗಳಿಗೆ ಬದುಕಿರುವ ದೇಹ ಬೇಕು. ಮನುಷ್ಯ ಸತ್ತ ಮೇಲೆ ಕೆಮ್ಮುವುದಿಲ್ಲ, ಸೀನುವುದಿಲ್ಲ, ಮಾತಾಡುವುದಿಲ್ಲ. ಹೀಗಾಗಿ ಉಸಿರಿನ ಮೂಲಕ ಹರಡುವ ಕೋವಿಡ್‌ನಂಥ ರೋಗ ಶವದಿಂದ ಹರಡುವ ಸಾಧ್ಯತೆ ತೀರಾ ಕಡಿಮೆ. ಭೂಕಂಪ, ಪ್ರವಾಹ, ಸುನಾಮಿ ಆದಾಗ ಹೆಣಗಳಿಂದ ರೋಗ ಹಬ್ಬುತ್ತದೆಂದು ಹೆದರಿ ಗುಂಪುಗುಂಪಾಗಿ ಹೂಳುವುದನ್ನು ನೋಡಿದ್ದೇವೆ. ಅದಕ್ಕೂ ವೈಜ್ಞಾನಿಕ ಆಧಾರವಿಲ್ಲ. ಗಾಯದಿಂದಲೋ ಮುಳುಗಿಯೋ ಸತ್ತವರ ದೇಹದಲ್ಲಿ ಸಾಂಕ್ರಾಮಿಕ ರೋಗ ಎಲ್ಲಿಂದ ಬರಬೇಕು? ಅವಸರದಲ್ಲಿ ಹೂತುಬಿಟ್ಟರೆ ಯಾರು ಯಾರೆಂದು ಗುರುತು ಸಿಗದೆ, ಉಳಿದವರು ವರ್ಷಗಟ್ಟಲೆ ಒದ್ದಾಡುತ್ತಾರೆ ಅಷ್ಟೇ.

ಆದರೆ ಕೆಲವು ರೋಗಗಳ ವಿಷಯ ಬೇರೆ. ಕಾಲರಾದಿಂದ ಸತ್ತವರ ದೇಹದ ದ್ರವಗಳಲ್ಲಿ ರೋಗಾಣು ಇರುತ್ತದೆ. ಎಬೋಲಾ, ಮಾರ್ಬರ್ಗ್‌ನಂಥ ರಕ್ತಸ್ರಾವ ಜ್ವರಗಳಲ್ಲಿ ಇದು ಇನ್ನೂ ತೀವ್ರ. ಎಬೋಲಾ ಗಾಳಿಯಲ್ಲಿ ಹರಡುವುದಿಲ್ಲ. ರೋಗಿಯ ರಕ್ತ, ವಾಂತಿ, ಭೇದಿ, ಬೆವರು ಇಂಥವನ್ನು ಮುಟ್ಟಿದವರಿಗೆ ಬರುತ್ತದೆ. ರೋಗ ಉಲ್ಬಣಿಸಿದಂತೆ ದೇಹದಲ್ಲಿ ವೈರಸ್ ಹೆಚ್ಚುತ್ತಾ ಹೋಗುತ್ತದೆ. ಹಾಗಾಗಿ ಸತ್ತ ಕ್ಷಣದಲ್ಲಿ ಆ ದೇಹ ಅತ್ಯಂತ ಅಪಾಯಕಾರಿ. ಅಮೆರಿಕದ ವಿಜ್ಞಾನಿಗಳು ಮಂಗಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸತ್ತು 7 ದಿನಗಳಾದ ಮೇಲೂ ಕಳೇಬರದಲ್ಲಿ ಸೋಂಕು ತಗುಲಿಸಬಲ್ಲ ವೈರಸ್ ಸಿಕ್ಕಿತ್ತು.

ಅಂದರೆ ಎಬೋಲಾ ಶವವನ್ನು ಬರಿಗೈಯಲ್ಲಿ ತೊಳೆಯುವುದು, ಅಪ್ಪಿಕೊಳ್ಳುವುದು, ಮುತ್ತಿಡುವುದು ಪ್ರಾಣಕ್ಕೇ ಕುತ್ತು. ಪಶ್ಚಿಮ ಆಫ್ರಿಕಾದಲ್ಲಿ ಸತ್ತವರಿಗೆ ಪ್ರೀತಿ ತೋರುವ ರೀತಿಯೂ ಇದೇ ಆಗಿತ್ತು.

ಒಂದು ಅಂತ್ಯಕ್ರಿಯೆ, 365 ಸಾವು

2013ರ ಡಿಸೆಂಬರ್‌ನಲ್ಲಿ ಗಿನಿ ದೇಶದ ಮೆಲಿಯಾಂಡು ಎಂಬ ಹಳ್ಳಿಯಲ್ಲಿ ಎರಡು ವರ್ಷದ ಮಗುವೊಂದು ಜ್ವರದಿಂದ ಸತ್ತಿತು. ಅದು ಎಬೋಲಾ ಎಂದು ಖಚಿತವಾಗಿದ್ದು 2014ರ ಮಾರ್ಚ್‌ನಲ್ಲಿ. ಅಷ್ಟರಲ್ಲಿ ರೋಗ ಗಡಿ ದಾಟತೊಡಗಿತ್ತು. ಮುಂದೆ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ಈ ಮೂರು ದೇಶಗಳನ್ನು ಅದು ನಡುಗಿಸಿತು. 2016ರ ಹೊತ್ತಿಗೆ 28,600ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿ, 11,300ಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರು.

ಸಿಯೆರಾ ಲಿಯೋನ್‌ನ ಗಡಿಯಲ್ಲಿ ಸೊಕೊಮಾ ಎಂಬ ಹಳ್ಳಿಯಿದೆ. ಅಲ್ಲಿ ಹೆಸರುವಾಸಿಯಾದ ನಾಟಿ ವೈದ್ಯೆಯೊಬ್ಬರಿದ್ದರು. ಗಿನಿಯಿಂದಲೂ ರೋಗಿಗಳು ಗಡಿ ದಾಟಿ ಅವರ ಬಳಿ ಬರುತ್ತಿದ್ದರು. ಅವರಿಗೂ ಎಬೋಲಾ ತಗುಲಿ ತೀರಿಕೊಂಡರು. ದೊಡ್ಡ ಹೆಸರಿನವರಾದ್ದರಿಂದ ಸುತ್ತಲಿನ ಊರುಗಳಿಂದ ಜನ ಬಂದು ಶವ ತೊಳೆದು, ಮುಟ್ಟಿ, ಗೌರವ ಸಲ್ಲಿಸಿ ಹೋದರು. ಆ ಒಂದು ಅಂತ್ಯಕ್ರಿಯೆಗೆ 365ರಷ್ಟು ಸಾವುಗಳ ನಂಟು ಇರಬಹುದು ಎಂದು ಸ್ಥಳೀಯ ತನಿಖೆ ಸೂಚಿಸಿದ್ದನ್ನು ವಿಶ್ವ ಆರೋಗ್ಯ ಸಂಸ್ಥೆ ದಾಖಲಿಸಿದೆ. ಗಿನಿಯಲ್ಲಿ 2014ರ ಆಗಸ್ಟ್ ಹೊತ್ತಿಗೆ ಸಿಕ್ಕ ಮಾಹಿತಿಯ ಪ್ರಕಾರ ಶೇ. 60ರಷ್ಟು ಪ್ರಕರಣಗಳಿಗೆ ಅಂತ್ಯಸಂಸ್ಕಾರದ ಸಂಬಂಧವಿತ್ತು.

ಇದನ್ನು ಓದಿ ಅಲ್ಲಿನವರ ಮೂಢನಂಬಿಕೆ ಎಂದು ತಳ್ಳಿಹಾಕುವ ಮುನ್ನ ಸ್ವಲ್ಪ ನಿಲ್ಲಿ. ನಮ್ಮಲ್ಲಿ ಶವಕ್ಕೆ ಸ್ನಾನ ಮಾಡಿಸುವುದಿಲ್ಲವೇ? ಅರಿಶಿನ ಹಚ್ಚಿ, ಹೊಸ ಬಟ್ಟೆ ಉಡಿಸಿ, ಬಾಯಿಗೆ ನೀರು ಬಿಡುವುದಿಲ್ಲವೇ? ಮುಸ್ಲಿಮರಲ್ಲಿ ಗುಸ್ಲ್ ಮಾಡಿಸಿ, ಕಫನ್ ಹೊದಿಸಿ, ಜನಾಝಾ ನಮಾಝ್ ಮಾಡಿ ದಫನ ಮಾಡುತ್ತಾರೆ. ಗಿನಿಯಲ್ಲಿ, ಸಿಯೆರಾ ಲಿಯೋನ್‌ನಲ್ಲಿ ಮುಸ್ಲಿಮರೇ ಹೆಚ್ಚು. ಲೈಬೀರಿಯಾದಲ್ಲಿ ಕ್ರೈಸ್ತರು ಹೆಚ್ಚು. ಜೊತೆಗೆ ಅದಕ್ಕಿಂತ ಹಳೆಯ ಬುಡಕಟ್ಟು ಆಚರಣೆಗಳೂ ಇವೆ. ಸರಿಯಾಗಿ ಕಳಿಸಿಕೊಡದ ಹಿರಿಯರು ನೆಮ್ಮದಿಯಾಗಿರುವುದಿಲ್ಲ, ಮನೆಯವರಿಗೂ ನೆಮ್ಮದಿ ಕೊಡುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ಅಂಥವರಿಗೆ “ಮುಟ್ಟಬೇಡಿ” ಎಂದರೆ, ಅಪ್ಪ ಅಮ್ಮನನ್ನು ಅನಾಥರಂತೆ ಬಿಟ್ಟುಬಿಡಿ ಎಂದ ಹಾಗೆ.

ಮೊದಲು ಮಾಡಿದ್ದೇನು?

ಮೊದಲ ತಿಂಗಳುಗಳಲ್ಲಿ ಆರೋಗ್ಯ ತಂಡಗಳು ಹೇಳಿದ್ದು ಬಹುಮಟ್ಟಿಗೆ ಅಷ್ಟನ್ನೇ. ಬಾಹ್ಯಾಕಾಶ ಯಾತ್ರಿಗಳಂತೆ ಮೈತುಂಬ ಬಿಳಿ ಪ್ಲಾಸ್ಟಿಕ್ ಸುತ್ತಿಕೊಂಡ ಅಪರಿಚಿತರು ಊರಿಗೆ ಬರುತ್ತಿದ್ದರು. ಔಷಧಿ ಸಿಂಪಡಿಸಿ, ಶವವನ್ನು ಚೀಲದೊಳಗೆ ಹಾಕಿ ಒಯ್ಯುತ್ತಿದ್ದರು. ಎಷ್ಟೋ ಮನೆಯವರಿಗೆ ಎಲ್ಲಿ ಹೂತರು ಎಂಬುದೂ ಗೊತ್ತಾಗುತ್ತಿರಲಿಲ್ಲ. ಮುಖ ಮುಚ್ಚಿದ ಚೀಲ, ಎಲ್ಲಿಗೋ ಹೋಗುವ ಗಾಡಿ. ಕಿಡ್ನಿ ಕದಿಯುತ್ತಾರೆ, ರಕ್ತ ಮಾರುತ್ತಾರೆ ಎಂಬ ಗುಸುಗುಸು ಹುಟ್ಟಿಕೊಂಡಿತು. ಹುಟ್ಟದಿದ್ದರೆ ಆಶ್ಚರ್ಯವಾಗುತ್ತಿತ್ತು. ಕಣ್ಣೆದುರು ನಡೆದ ಸಂಗತಿಗೆ ಯಾರೂ ಉತ್ತರ ಕೊಡದಿದ್ದಾಗ ವದಂತಿ ಆ ಜಾಗ ತುಂಬುತ್ತದೆ. ಸಂವಹನ ಓದಿರುವ ನಮಗೆ ತರಗತಿಯಲ್ಲಿ ಹೇಳಿಕೊಟ್ಟಿದ್ದ ಈ ಮಾತಿಗೆ ಇದಕ್ಕಿಂತ ದಾರುಣವಾದ ಉದಾಹರಣೆ ಸಿಕ್ಕಿಲ್ಲ.

ಪರಿಣಾಮ ಭೀಕರವಾಗಿತ್ತು. 2014ರ ಸೆಪ್ಟೆಂಬರ್‌ನಲ್ಲಿ ಗಿನಿಯ ವೊಮೆ ಎಂಬ ಊರಿಗೆ ಜಾಗೃತಿ ಮೂಡಿಸಲು ಹೋಗಿದ್ದ ತಂಡದ 8 ಜನರನ್ನು ಕೊಲ್ಲಲಾಯಿತು. ಸತ್ತವರಲ್ಲಿ ಆರೋಗ್ಯಾಧಿಕಾರಿಗಳು, ಪತ್ರಕರ್ತರ ಜೊತೆ ಒಬ್ಬ ಪಾದ್ರಿಯೂ ಇದ್ದರು. ಗಿನಿಯಲ್ಲಿ ತನ್ನ ಸ್ವಯಂಸೇವಕರ ಮೇಲೆ ತಿಂಗಳಿಗೆ ಸರಾಸರಿ 10 ಸಲ ಬೈಗುಳ ಅಥವಾ ಹಲ್ಲೆ ನಡೆಯುತ್ತಿದೆ ಎಂದು ರೆಡ್‌ಕ್ರಾಸ್ 2015ರ ಫೆಬ್ರವರಿಯಲ್ಲೂ ಹೇಳಬೇಕಾಯಿತು.

ಲೈಬೀರಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2014ರ ಆಗಸ್ಟ್‌ನಲ್ಲಿ ರಾಜಧಾನಿ ಮನ್ರೋವಿಯಾ ಪ್ರದೇಶದಲ್ಲಿ ಎಬೋಲಾ ಶವಗಳನ್ನೆಲ್ಲ ಸುಡಬೇಕೆಂದು ಸರ್ಕಾರ ಆದೇಶಿಸಿತು. ಅಲ್ಲಿನ ಕ್ರೈಸ್ತರಲ್ಲಾಗಲಿ ಮುಸ್ಲಿಮರಲ್ಲಾಗಲಿ ಸುಡುವ ಪದ್ಧತಿಯೇ ಇರಲಿಲ್ಲ. ಹಾಗಾದರೆ ಚಿತಾಗಾರ ಎಲ್ಲಿತ್ತು? ಅಲ್ಲಿ ನೆಲೆಸಿದ್ದ ಭಾರತೀಯರು ತಮ್ಮವರಿಗಾಗಿ ಕಟ್ಟಿಕೊಂಡಿದ್ದ ಒಂದು ಚಿತಾಗಾರವಿತ್ತು. ಅದನ್ನೇ ಬಳಸಿದರು. ಕೆಲವೇ ತಿಂಗಳಲ್ಲಿ ಸುಮಾರು 2,000 ಶವಗಳನ್ನು ಅಲ್ಲಿ ಸುಡಲಾಯಿತು. ಬೂದಿ ಯಾರ ಯಾರದೆಂಬ ವಿಂಗಡಣೆಯಿಲ್ಲದೆ ಡ್ರಮ್ಮುಗಳಲ್ಲಿ ಉಳಿಯಿತು.

ಲೈಬೀರಿಯಾದಲ್ಲಿ ಪ್ರತಿ ಮಾರ್ಚ್‌ನಲ್ಲಿ ಸಮಾಧಿ ಅಲಂಕರಿಸುವ ಹಬ್ಬವೊಂದಿದೆ, ಅದಕ್ಕೆ ಸರ್ಕಾರಿ ರಜೆಯೇ ಇದೆ. ಮನೆಮಂದಿಯೆಲ್ಲ ಹೋಗಿ ಹಿರಿಯರ ಗೋರಿ ತೊಳೆದು, ಸುಣ್ಣ ಬಳಿದು, ಹೂವಿಟ್ಟು ಬರುತ್ತಾರೆ. ನಮ್ಮ ಪಿತೃಪಕ್ಷವನ್ನು ನೆನಪಿಸಿಕೊಳ್ಳಿ. ಗೋರಿಯೇ ಇಲ್ಲದವರು ಎಲ್ಲಿಗೆ ಹೋಗಬೇಕು? ಈ ಭಯ ಎಷ್ಟಿತ್ತೆಂದರೆ ಜನ ರೋಗಿಗಳನ್ನು ಬಚ್ಚಿಡತೊಡಗಿದರು. ಆಸ್ಪತ್ರೆಯಲ್ಲಿ ಸತ್ತರೆ ಸುಡುತ್ತಾರೆ, ಮನೆಯಲ್ಲೇ ಇರಲಿ ಎಂದುಕೊಂಡರು. 2014ರ ಅಕ್ಟೋಬರ್ ಕೊನೆಗೆ ಎಬೋಲಾ ಚಿಕಿತ್ಸಾ ಕೇಂದ್ರಗಳ ಹಾಸಿಗೆಗಳಲ್ಲಿ ಸುಮಾರು ಅರ್ಧದಷ್ಟು ಖಾಲಿ ಇದ್ದವು. ಸುಡುವ ಭಯವೇ ಇದಕ್ಕೆ ಕಾರಣ ಎಂದು ಅಲ್ಲಿನ ಅಧಿಕಾರಿಗಳೇ ಒಪ್ಪಿಕೊಂಡರು. ಹೀಗೆ ಮನೆಯಲ್ಲಿ ಉಳಿದ ಪ್ರತಿ ರೋಗಿಯೂ ಆರೈಕೆ ಮಾಡುವವರಿಗೆ ಸೋಂಕು ಅಂಟಿಸುವ ಅಪಾಯವಿತ್ತು. ವೈರಸ್ಸನ್ನು ಕೊಲ್ಲಲು ಹಚ್ಚಿದ ಬೆಂಕಿಯೇ ಅದಕ್ಕೆ ದಾರಿ ಮಾಡಿಕೊಟ್ಟಿತ್ತು.

ಕೂತು ಮಾತಾಡಿದ್ದು

ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. ಮೊದಲು ಅಲ್ಲಲ್ಲಿ ಸಣ್ಣಪುಟ್ಟ ಪ್ರಯತ್ನಗಳು ನಡೆದವು. ಗಿನಿಯ ಒಂದು ಪ್ರಸಂಗ ಹೇಳಲೇಬೇಕು. ಅಲ್ಲಿನ ಕಾಡುಸೀಮೆಯಲ್ಲಿ ಗರ್ಭಿಣಿಯೊಬ್ಬರು ಎಬೋಲಾದಿಂದ ತೀರಿಕೊಂಡರು. ಮಗು ಹೊಟ್ಟೆಯಲ್ಲಿರುವಾಗಲೇ ಹೂತರೆ ಊರಿಗೇ ಕೇಡು ಎಂಬುದು ಅಲ್ಲಿನವರ ನಂಬಿಕೆ. ಭ್ರೂಣವನ್ನು ಹೊರತೆಗೆಯಬೇಕೆಂದು ಹಟ ಹಿಡಿದರು. ಎಬೋಲಾ ಶವಕ್ಕೆ ಕತ್ತರಿ ಹಾಕುವುದೆಂದರೆ ಆ ಕೆಲಸ ಮಾಡಿದವರ ಪ್ರಾಣಕ್ಕೇ ಅಪಾಯ. ವೈದ್ಯರು ಆಗುವುದಿಲ್ಲ ಎಂದರು. ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಕೆಲಸ ಮಾಡುತ್ತಿದ್ದ ಮಾನವಶಾಸ್ತ್ರಜ್ಞೆಯೊಬ್ಬರು ಊರ ಹಿರಿಯರ ಜೊತೆ ಕೂತು, ಇಂಥ ಹೊತ್ತಿನಲ್ಲಿ ನಿಮ್ಮ ಸಂಪ್ರದಾಯದಲ್ಲಿ ಬೇರೆ ದಾರಿಯಿಲ್ಲವೇ ಎಂದು ವಿಚಾರಿಸಿದರು. ಇತ್ತು. ದೋಷ ಪರಿಹಾರದ ಒಂದು ವಿಧಿಯಿತ್ತು. ಬಲ್ಲವರನ್ನು ಕರೆಸಿ ಅದನ್ನು ಮಾಡಿಸಿದರು, ಅದಕ್ಕೆ ಬೇಕಾದ ಸಾಮಗ್ರಿಗಳ ಖರ್ಚನ್ನು ಆರೋಗ್ಯ ಸಂಸ್ಥೆಯೇ ಕೊಟ್ಟಿತು. ಆ ತಾಯಿಯ ದೇಹ ಸುರಕ್ಷಿತವಾಗಿ ಮಣ್ಣು ಸೇರಿತು.

ಇಲ್ಲಿ ಯಾರೂ ಯಾರ ನಂಬಿಕೆಯನ್ನೂ ಬದಲಿಸಲಿಲ್ಲ. “ಇದು ಅವೈಜ್ಞಾನಿಕ” ಎಂದು ವಾದ ಮಾಡಿದ್ದರೆ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ.

2014ರ ನವೆಂಬರ್ 7ರಂದು ವಿಶ್ವ ಆರೋಗ್ಯ ಸಂಸ್ಥೆ ಎಬೋಲಾ ಅಂತ್ಯಸಂಸ್ಕಾರದ ಹೊಸ ನಿಯಮಾವಳಿ ಪ್ರಕಟಿಸಿತು. ಇದನ್ನು ಅದು ಒಂಟಿಯಾಗಿ ಬರೆಯಲಿಲ್ಲ. ಅಂತರರಾಷ್ಟ್ರೀಯ ರೆಡ್‌ಕ್ರಾಸ್ ಒಕ್ಕೂಟ ಮತ್ತು ಮಾನವಶಾಸ್ತ್ರಜ್ಞರ ಜೊತೆಗೆ ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್, ಇಸ್ಲಾಮಿಕ್ ರಿಲೀಫ್, ಕಾರಿತಾಸ್, ವರ್ಲ್ಡ್ ವಿಷನ್‌ನಂಥ ಧಾರ್ಮಿಕ ಹಿನ್ನೆಲೆಯ ಸಂಸ್ಥೆಗಳೂ ಕೂತು ಬರೆದವು. ನಿಯಮಾವಳಿಯ ಹೆಸರಲ್ಲೇ ಒಂದು ಪದ ಸೇರಿತ್ತು. ಅದು ಬರೀ ಸುರಕ್ಷಿತ ಅಂತ್ಯಸಂಸ್ಕಾರವಲ್ಲ, ಸುರಕ್ಷಿತ ಮತ್ತು ಗೌರವಯುತ ಅಂತ್ಯಸಂಸ್ಕಾರ. ಸರ್ಕಾರಿ ಕಡತಗಳಲ್ಲಿ ಈಗಲೂ ಶವ ನಿರ್ವಹಣೆ, ಶವ ವಿಲೇವಾರಿ ಎಂಬ ಪದಗಳನ್ನು ನೋಡುತ್ತೇವೆ. ವಿಲೇವಾರಿ ಮಾಡುವುದು ಕಸವನ್ನು. ನಮ್ಮ ಕನ್ನಡ ಸುದ್ದಿಮನೆಗಳೂ ಈ ಪದ ಬಿಟ್ಟರೆ ಒಳ್ಳೆಯದು.

ನಿಯಮಾವಳಿಯಲ್ಲಿ 12 ಹಂತಗಳಿವೆ. ಎಲ್ಲವನ್ನೂ ಇಲ್ಲಿ ವಿವರಿಸುವುದಿಲ್ಲ, ಮುಖ್ಯವಾದವನ್ನು ನೋಡೋಣ. ತಂಡದವರು ಊರಿಗೆ ಬಂದಾಗ ಪಿಪಿಇ ಕಿಟ್ ತೊಟ್ಟಿರಬಾರದು. ಸಾಮಾನ್ಯ ಬಟ್ಟೆಯಲ್ಲಿ ಬಂದು, ಮುಖ ತೋರಿಸಿ, ಮನೆಯವರಿಗೆ ಸಾಂತ್ವನ ಹೇಳಬೇಕು. ಏನು ಮಾಡುತ್ತೇವೆಂದು ವಿವರಿಸಿ, ಅವರು ಒಪ್ಪಿದ ಮೇಲೆಯೇ ಕೆಲಸ ಶುರು ಮಾಡಬೇಕು. ಒಪ್ಪುವ ತನಕ ಮುಂದುವರಿಯುವಂತಿಲ್ಲ. ಸತ್ತವರ ಧರ್ಮ ಯಾವುದು, ವಿಶೇಷ ಕೋರಿಕೆ ಇದೆಯೇ, ಯಾವ ಧರ್ಮಗುರುಗಳನ್ನು ಕರೆಸಬೇಕು ಎಂದು ಕೇಳಬೇಕು. ಶವದ ಜೊತೆ ಏನಾದರೂ ವಸ್ತು ಇಡುವುದಿದ್ದರೆ ಇಡಬಹುದು. ಗುಂಡಿಯನ್ನು ಮನೆಯವರೇ ತೋಡಬಹುದು. ದೂರ ನಿಂತು ಪ್ರಾರ್ಥನೆ ಮಾಡಬಹುದು, ಮಣ್ಣು ಹಾಕಬಹುದು, ಸಮಾಧಿಗೆ ಗುರುತಿನ ಹಲಗೆ ನೆಡಬಹುದು. ಮುಖ್ಯ ಅಪಾಯವಿರುವುದು ದೇಹವನ್ನು ಮುಟ್ಟುವುದರಲ್ಲಿ. ಅದೊಂದನ್ನು ತರಬೇತಿ ಪಡೆದವರಿಗೆ ಬಿಟ್ಟರೆ ಉಳಿದಿದ್ದೆಲ್ಲ ಮನೆಯವರದೇ.

ಮುಸ್ಲಿಮರಿಗೆ ಇದ್ದ ದೊಡ್ಡ ತೊಡಕು ಗುಸ್ಲ್, ಅಂದರೆ ಶವಸ್ನಾನ. ಅದಿಲ್ಲದೆ ದಫನ ಮಾಡುವುದು ಹೇಗೆ? ಉತ್ತರ ಇಸ್ಲಾಮಿನ ಒಳಗೇ ಇತ್ತು. ನೀರು ಸಿಗದಾಗ, ಅಥವಾ ನೀರು ಬಳಸಿದರೆ ತೊಂದರೆ ಆಗುವಂತಿದ್ದಾಗ ಶುದ್ಧ ಮಣ್ಣಿನಿಂದ ಶುದ್ಧಿ ಮಾಡಿಕೊಳ್ಳುವ ತಯಮ್ಮುಮ್ ಎಂಬ ವಿಧಿ ನೂರಾರು ವರ್ಷಗಳಿಂದಲೂ ಇದೆ. ಕಾಯಿಲೆಯವರು, ಪ್ರಯಾಣಿಕರು ನಮಾಝ್‌ಗೆ ಮುಂಚೆ ಹೀಗೆ ಮಾಡುವುದುಂಟು. ಇದನ್ನೇ ನಿಯಮಾವಳಿಗೆ ಸೇರಿಸಿದರು. ತಂಡದಲ್ಲಿರುವ, ಪಿಪಿಇ ತೊಟ್ಟ ಮುಸ್ಲಿಂ ಸದಸ್ಯರೊಬ್ಬರು ಶುದ್ಧ ಮರಳು ಅಥವಾ ಕಲ್ಲಿನ ಮೇಲೆ ಕೈಯಿಟ್ಟು, ಬಾಡಿ ಬ್ಯಾಗಿನ ಮೇಲಿನಿಂದಲೇ ಮೃತರ ಕೈ ಮತ್ತು ಮುಖದ ಭಾಗದ ಮೇಲೆ ಮೃದುವಾಗಿ ಸವರುತ್ತಾರೆ. ಚೀಲ ತೆರೆಯಬೇಕಾಗಿಲ್ಲ. ಕಫನ್‌ಗೂ ಇಂಥದೇ ಏರ್ಪಾಡು ಆಯಿತು. ಕ್ರೈಸ್ತರಿಗೆ ಪಾದ್ರಿಯ ಪ್ರಾರ್ಥನೆ, ಬೈಬಲ್ ವಾಚನ, ಶಿಲುಬೆಗೆ ಅವಕಾಶವಿತ್ತು.

ತಯಮ್ಮುಮ್ ಮಾಡಬಹುದೆಂದು ಜಿನೀವಾದಲ್ಲಿ ಕೂತ ವೈದ್ಯರು ಹೇಳಿದ್ದರೆ ಯಾರು ನಂಬುತ್ತಿದ್ದರು? ಊರಿನ ಇಮಾಮರು ಶುಕ್ರವಾರದ ನಮಾಝ್ ಮುಗಿಸಿ ಹೇಳಿದಾಗ ಅದಕ್ಕೆ ಬೆಲೆ ಬಂತು. ಹಾಗೆಯೇ, ಎಷ್ಟು ದೂರ ನಿಲ್ಲಬೇಕು, ಯಾವ ಕೈಗವಸು ಬೇಕು ಎಂಬುದನ್ನು ಇಮಾಮರು ಹೇಳಲಾರರು.

ಧರ್ಮಗುರುಗಳೆಲ್ಲ ಸರಿಯಿದ್ದರೇ?

ಇಲ್ಲ. ಇದನ್ನು ಮುಚ್ಚಿಡಬೇಕಾಗಿಲ್ಲ. 2014ರಲ್ಲಿ ರೋಗ ಏರುಮುಖದಲ್ಲಿದ್ದಾಗ ಲೈಬೀರಿಯಾದ ಚರ್ಚ್ ಮುಖಂಡರು ಸಭೆ ಸೇರಿ, ಇದು ದೇಶದ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದು ಹೇಳಿಕೆ ಹೊರಡಿಸಿದರು. ಭ್ರಷ್ಟಾಚಾರದ ಜೊತೆ ಸಲಿಂಗಿಗಳನ್ನೂ ದೂರಿದರು. ರೋಗಿಗಳ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿದ ಪಾದ್ರಿಗಳು, ಶವಸ್ನಾನ ಮಾಡಿಸಿದ ಇಮಾಮರು ತಾವೇ ಸೋಂಕಿಗೆ ಬಲಿಯಾದರು.

ಆದರೆ ಸಿಯೆರಾ ಲಿಯೋನ್‌ನಲ್ಲಿ ಇಮಾಮರು ಮತ್ತು ಪಾದ್ರಿಗಳು ಜೊತೆಯಾಗಿ ಊರೂರಿಗೆ ಹೋದದ್ದೂ ಅಷ್ಟೇ ನಿಜ. ಕುರಾನ್ ಮತ್ತು ಬೈಬಲ್‌ನಿಂದ ಜೀವ ಉಳಿಸುವ, ಸೋಂಕಿನಿಂದ ದೂರವಿರುವ ಮಾತುಗಳನ್ನು ಆಯ್ದು, ಒಂದೇ ಸಂದೇಶವನ್ನು ಮಸೀದಿಯಲ್ಲೂ ಚರ್ಚಿನಲ್ಲೂ ಹೇಳಿದರು. ಗುಣಮುಖರಾಗಿ ಬಂದವರನ್ನು ಊರೊಳಗೆ ಸೇರಿಸಿಕೊಳ್ಳುವಂತೆ ಮಾಡಿದರು. ಇವರನ್ನು ಕರೆತರಲು ತುಂಬಾ ತಡವಾಯಿತು ಎಂದು, ಆಗ ಅಲ್ಲಿ ಕೆಲಸ ಮಾಡಿದ ಕ್ರೈಸ್ತ ಮತ್ತು ಇಸ್ಲಾಮಿಕ್ ನೆರವು ಸಂಸ್ಥೆಗಳು 2015ರಲ್ಲಿ ಸೇರಿ ಹೊರತಂದ ವರದಿಯಲ್ಲಿ ಬರೆದುಕೊಂಡಿವೆ.

ಲೈಬೀರಿಯಾ 2014ರ ಡಿಸೆಂಬರ್‌ನಲ್ಲಿ ಸುಡುವುದನ್ನು ನಿಲ್ಲಿಸಿತು. ಮನ್ರೋವಿಯಾದ ಹೊರಗೆ ಡಿಸ್ಕೋ ಹಿಲ್ ಎಂಬಲ್ಲಿ ಹೊಸ ಸ್ಮಶಾನ ತೆರೆಯಿತು. ಕ್ರೈಸ್ತರಿಗೂ ಮುಸ್ಲಿಮರಿಗೂ ಅಲ್ಲಿ ಪ್ರತ್ಯೇಕ ಜಾಗವಿದೆ. ಡ್ರಮ್ಮುಗಳಲ್ಲಿದ್ದ ಬೂದಿಯನ್ನೂ ಆಮೇಲೆ ಅಲ್ಲಿಗೇ ತಂದರು.

ಇದರಿಂದ ಎಷ್ಟು ಜೀವ ಉಳಿಯಿತು? ರೆಡ್‌ಕ್ರಾಸ್ ನಡೆಸಿದ ಸುರಕ್ಷಿತ ಸಂಸ್ಕಾರಗಳಿಂದ 1,411ರಿಂದ 10,452ರವರೆಗೆ ಸೋಂಕು ತಪ್ಪಿರಬಹುದು ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. ನಡೆಯದೇ ಹೋದದ್ದನ್ನು ಎಣಿಸುವುದು ಕಷ್ಟ, ಹಾಗಾಗಿ ಗಣಿತದ ಮಾದರಿಯಿಂದ ಅಂದಾಜು ಮಾಡುತ್ತಾರೆ. “ಧರ್ಮಗುರುಗಳಿಂದಲೇ ಎಬೋಲಾ ಹೋಯಿತು” ಎಂಬ ಮೆಸೇಜು ಯಾರಾದರೂ ಕಳಿಸಿದರೆ ಅದನ್ನೂ ನಂಬಬೇಡಿ. ಚಿಕಿತ್ಸಾ ಕೇಂದ್ರಗಳು, ಸಂಪರ್ಕಿತರ ಪತ್ತೆ, ಪ್ರಯೋಗಾಲಯ ಎಲ್ಲವೂ ಬೇಕಿತ್ತು. 2018ರಿಂದ 2020ರವರೆಗೆ ಕಾಂಗೋ ದೇಶದ ಪೂರ್ವ ಭಾಗದಲ್ಲಿ ಎಬೋಲಾ ಬಂದಾಗ ಇದೇ ನಿಯಮಾವಳಿ ಇತ್ತು, ಲಸಿಕೆಯೂ ಇತ್ತು. ಆದರೂ ಅಂತ್ಯಸಂಸ್ಕಾರದ ತಂಡಗಳ ಮೇಲೆ ದಾಳಿಗಳಾದವು, 2,200ಕ್ಕೂ ಹೆಚ್ಚು ಜನ ಸತ್ತರು. ವರ್ಷಗಳಿಂದ ಯುದ್ಧದಲ್ಲಿ ನಲುಗಿದ, ಸರ್ಕಾರವನ್ನೇ ನಂಬದ ಜನರ ನಡುವೆ ಒಂದು ಒಳ್ಳೆಯ ದಾಖಲೆ ಮಾಡಬಹುದಾದದ್ದಕ್ಕೆ ಮಿತಿಯಿದೆ.

ಆಮೇಲೆ ನಮ್ಮ ಸರದಿ ಬಂತು

ಎಬೋಲಾ ಪಾಠ ಕರ್ನಾಟಕದ ಹತ್ತಿರಕ್ಕೆ ಮೊದಲು ಬಂದದ್ದು 2018ರಲ್ಲಿ, ಕೇರಳದ ಕೋಝಿಕ್ಕೋಡ್‌ಗೆ ನಿಪಾ ಬಂದಾಗ. ಚಿತಾಗಾರದ ಕೆಲಸಗಾರರು ಹೆದರಿ ಹಿಂದೆ ಸರಿದರು. ಆರೋಗ್ಯಾಧಿಕಾರಿಗಳು ಎಬೋಲಾ ನಿಯಮಗಳನ್ನು ಆಧರಿಸಿ ಸಂಸ್ಕಾರಗಳನ್ನು ನಡೆಸಿದರು.

ಎರಡು ವರ್ಷಗಳಲ್ಲಿ ಕೋವಿಡ್ ಬಂತು. ಭಾರತದ ಆರೋಗ್ಯ ಸಚಿವಾಲಯ 2020ರ ಮಾರ್ಚ್ ಮಧ್ಯದಲ್ಲೇ ಮಾರ್ಗಸೂಚಿ ಹೊರಡಿಸಿತು. ಹೂಳುವುದು, ಸುಡುವುದು ಎರಡಕ್ಕೂ ಅದರಲ್ಲಿ ಅವಕಾಶವಿತ್ತು. ಕಾಗದದ ಮೇಲೆ ಎಲ್ಲ ಸರಿಯಿತ್ತು. ಮುಂಬೈ ಮಹಾನಗರ ಪಾಲಿಕೆ ಅದೇ ಮಾರ್ಚ್ ಕೊನೆಯಲ್ಲಿ ಯಾವ ಧರ್ಮದವರಾದರೂ ಸುಡಲೇಬೇಕೆಂದು ಸುತ್ತೋಲೆ ಹೊರಡಿಸಿ, ಕೆಲವೇ ಗಂಟೆಗಳಲ್ಲಿ ವಾಪಸು ಪಡೆಯಿತು. ಏಪ್ರಿಲ್‌ನಲ್ಲಿ ಚೆನ್ನೈನಲ್ಲಿ ಕೋವಿಡ್‌ನಿಂದ ತೀರಿಕೊಂಡ ವೈದ್ಯರೊಬ್ಬರನ್ನು ಹೂಳಲು ಹೋದವರ ಮೇಲೆ ಕಲ್ಲು, ದೊಣ್ಣೆಗಳ ದಾಳಿ ನಡೆಯಿತು. ಅದೇ ತಿಂಗಳು ಮಂಗಳೂರಿನಲ್ಲಿ ವೃದ್ಧೆಯೊಬ್ಬರ ಶವ ಸುಡುವುದಕ್ಕೇ ಜನ ಅಡ್ಡ ನಿಂತರು. ಪಚ್ಚನಾಡಿಯಲ್ಲಿ ಆಗದೆ, ಕೊನೆಗೆ ಬಂಟ್ವಾಳದ ಕೈಕುಂಜೆಯಲ್ಲಿ ಪ್ರತಿಭಟನೆಯ ನಡುವೆ ಸಂಸ್ಕಾರ ನಡೆಯಿತು. ಒಂದು ಕಡೆ ಹೂತರೆ ನೀರಿನಿಂದ ಬರುತ್ತದೆ ಎಂಬ ಭಯ, ಇನ್ನೊಂದು ಕಡೆ ಸುಟ್ಟರೆ ಹೊಗೆಯಿಂದ ಬರುತ್ತದೆ ಎಂಬ ಭಯ. ಎರಡಕ್ಕೂ ಆಧಾರವಿರಲಿಲ್ಲ. ಚಿತಾಗಾರದ ಬಿಸಿಯಲ್ಲಿ ಯಾವ ವೈರಸ್ಸೂ ಉಳಿಯುವುದಿಲ್ಲ.

ಜೂನ್ ಕೊನೆಯಲ್ಲಿ ಬಳ್ಳಾರಿಯ ವಿಡಿಯೊ ಬಂತು. ಪಿಪಿಇ ತೊಟ್ಟವರು ಕಪ್ಪು ಚೀಲಗಳಲ್ಲಿದ್ದ ಶವಗಳನ್ನು ಎಳೆದು ತಂದು ಒಂದೇ ಗುಂಡಿಗೆ ಎಸೆಯುತ್ತಿದ್ದ ಆ ದೃಶ್ಯ ನಿಮ್ಮ ಫೋನಿಗೂ ಬಂದಿರಬಹುದು. ಅದು ನಕಲಿಯಾಗಿರಲಿಲ್ಲ. ಜಿಲ್ಲಾಧಿಕಾರಿ ಮೃತರ ಕುಟುಂಬಗಳ ಕ್ಷಮೆ ಕೇಳಿದರು, ಆ ತಂಡವನ್ನೇ ಬದಲಿಸಲಾಯಿತು. ಸೋಂಕು ತಡೆಯುವ ದೃಷ್ಟಿಯಿಂದ ನೋಡಿದರೆ ಅಲ್ಲಿ ಪಿಪಿಇ ಇತ್ತು, ಚೀಲವಿತ್ತು, ಗುಂಡಿಯಿತ್ತು. 2014ರಲ್ಲಿ ನಿಯಮಾವಳಿಯ ಹೆಸರಿಗೆ ಸೇರಿಸಿದ ಆ ಇನ್ನೊಂದು ಪದ ಮಾತ್ರ ಇರಲಿಲ್ಲ.

ಶ್ರೀಲಂಕಾದ್ದು ಇನ್ನೂ ಕಹಿಯಾದ ಕಥೆ. ಹೂತರೆ ಅಂತರ್ಜಲ ಕೆಡುತ್ತದೆಂದು ಹೇಳಿ ಅಲ್ಲಿನ ಸರ್ಕಾರ 2020ರ ಏಪ್ರಿಲ್‌ನಲ್ಲಿ ಕೋವಿಡ್ ಶವಗಳನ್ನೆಲ್ಲ ಸುಡುವುದನ್ನು ಕಡ್ಡಾಯ ಮಾಡಿತು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೂಳಬಹುದು ಎಂದರೂ ಕೇಳಲಿಲ್ಲ. ಮುಸ್ಲಿಂ ಕುಟುಂಬಗಳು ಬೇಡಿಕೊಂಡವು. ಇಪ್ಪತ್ತು ದಿನದ ಹಸುಗೂಸೊಂದನ್ನು ಕೂಡ ತಂದೆತಾಯಿಯ ಒಪ್ಪಿಗೆಯಿಲ್ಲದೆ ಸುಡಲಾಯಿತು. 2021ರ ಫೆಬ್ರವರಿ ಕೊನೆಯಲ್ಲಿ ಆ ಆದೇಶ ಹೋಯಿತು. 2024ರ ಜುಲೈನಲ್ಲಿ ಶ್ರೀಲಂಕಾ ಸಚಿವ ಸಂಪುಟ ಅಧಿಕೃತವಾಗಿ ಕ್ಷಮೆ ಕೇಳಲು ತೀರ್ಮಾನಿಸಿತು.

“ಹೂಳುವುದು ಅವರ ಪದ್ಧತಿ, ಸುಡುವುದು ನಮ್ಮದು” ಎಂದು ಬರೆಯುವ ಫಾರ್ವರ್ಡುಗಳಿಗೂ ಒಂದು ಮಾತು. ಕರ್ನಾಟಕದಲ್ಲಿ ಲಿಂಗಾಯತರು ಮಣ್ಣು ಮಾಡುತ್ತಾರೆ. ಕೂರಿಸಿ, ವಿಭೂತಿ ಇಟ್ಟು, ಜಂಗಮರ ಸಮ್ಮುಖದಲ್ಲಿ ಸಮಾಧಿ ಮಾಡುವ ಪದ್ಧತಿಯಿದೆ. ಇನ್ನೂ ಹಲವು ಹಿಂದೂ ಸಮುದಾಯಗಳಲ್ಲಿ ಹೂಳುವುದೇ ರೂಢಿ. ಸಣ್ಣ ಮಕ್ಕಳನ್ನು ಸುಡುವವರ ಮನೆಗಳಲ್ಲೂ ಸಾಮಾನ್ಯವಾಗಿ ಹೂಳುತ್ತಾರೆ. ಸುಡಲೇಬೇಕೆಂಬ ಆದೇಶ ನಾಳೆ ಬಂದರೆ ಅದು ಮುಟ್ಟುವುದು ಬರೀ ಒಂದೆರಡು ಧರ್ಮದವರನ್ನಲ್ಲ.

ಮನೆಯಲ್ಲಿ ಇಂಥ ಸಾವು ಸಂಭವಿಸಿದರೆ ಏನು ಕೇಳಬಹುದು ಎಂದು ತಿಳಿದಿರಲಿ. ಯಾವ ರೋಗ ಎಂಬುದರ ಮೇಲೆ ನಿಯಮ ಬದಲಾಗುತ್ತದೆ. ಎಬೋಲಾ, ನಿಪಾದಂಥ ರೋಗಗಳಲ್ಲಿ ಮುಟ್ಟುವಂತಿಲ್ಲ ಎಂಬುದರಲ್ಲಿ ರಾಜಿಯಿಲ್ಲ. ಕೋವಿಡ್‌ಗೆ ಕೇಂದ್ರ ಸರ್ಕಾರ 2020ರಲ್ಲಿ ಬರೆದ ಮಾರ್ಗಸೂಚಿಯಲ್ಲಂತೂ ಸ್ನಾನ ಮಾಡಿಸುವುದು, ಮುತ್ತಿಡುವುದು, ಅಪ್ಪಿಕೊಳ್ಳುವುದು ಬೇಡ ಎಂದಿತ್ತು. ಆದರೆ ಚೀಲದ ಜಿಪ್ಪನ್ನು ಸಿಬ್ಬಂದಿಯಿಂದ ತೆರೆಸಿ ಕೊನೆಯ ಸಲ ಮುಖ ನೋಡಬಹುದಿತ್ತು. ಧರ್ಮಗ್ರಂಥ ಓದಬಹುದಿತ್ತು, ತೀರ್ಥ ಚಿಮುಕಿಸಬಹುದಿತ್ತು, ದೇಹ ಮುಟ್ಟದೆ ಮಾಡುವ ಬೇರೆ ವಿಧಿಗಳನ್ನೂ ಮಾಡಬಹುದಿತ್ತು. ಎಷ್ಟೋ ಮನೆಯವರಿಗೆ ಇದನ್ನು ಯಾರೂ ಹೇಳಲೇ ಇಲ್ಲ. ಸುಟ್ಟ ಮೇಲೆ ಉಳಿಯುವ ಬೂದಿಯಿಂದ ಯಾವ ಅಪಾಯವೂ ಇಲ್ಲ, ಅದನ್ನು ಸಂಗ್ರಹಿಸಿ ಮುಂದಿನ ಕರ್ಮ ಮಾಡಬಹುದು ಎಂದೂ ಅದೇ ಮಾರ್ಗಸೂಚಿಯಲ್ಲಿ ಬರೆದಿತ್ತು.